ನೋವು ನುಂಗಿ ಓಡುವ ಮನಸ್ಸು: ಮ್ಯಾರಥಾನ್ ಓಟಗಾರರಿಗೆ ತಮ್ಮ ಗಾಯ ಏಕೆ ಗೊತ್ತಾಗುವುದಿಲ್ಲ?

1984ರ ಆಗಸ್ಟ್ 5. ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಬಾರಿ ಮ್ಯಾರಥಾನ್ ಓಡಿದ ದಿನ. ಲಾಸ್ ಏಂಜಲೀಸ್‌ನ ಕ್ರೀಡಾಂಗಣದಲ್ಲಿ ಅಮೆರಿಕದ ಜೋನ್ ಬೆನೊಯ್ಟ್ ಚಿನ್ನ ಗೆದ್ದು ಸುಮಾರು 20 ನಿಮಿಷ ಕಳೆದಿತ್ತು. ಆಗ ಸ್ವಿಟ್ಜರ್ಲೆಂಡ್‌ನ 39 ವರ್ಷದ ಗ್ಯಾಬ್ರಿಯೆಲಾ ಆಂಡರ್ಸನ್-ಶೀಸ್ ಒಳಬಂದರು. ದೇಹ ಒಂದು ಪಕ್ಕಕ್ಕೆ ವಾಲಿತ್ತು. ಎಡಗೈ ಜೋತುಬಿದ್ದಿತ್ತು. ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ವೈದ್ಯರು ಹತ್ತಿರ ಬಂದಾಗ ಆಕೆ ಕೈಬೀಸಿ ದೂರ ಸರಿದರು. ಯಾರಾದರೂ ಮುಟ್ಟಿದರೆ ಅನರ್ಹತೆ ಎಂಬ ನಿಯಮ ಆಕೆಗೆ ಆ ಸ್ಥಿತಿಯಲ್ಲೂ ನೆನಪಿತ್ತು.

ಆಕೆಯ ಮೈ ಇನ್ನೂ ಬೆವರುತ್ತಿದೆ ಎಂಬುದನ್ನು ವೈದ್ಯರು ಗಮನಿಸಿದರು. ಬೆವರು ಬರುತ್ತಿದೆ ಎಂದರೆ ದೇಹ ತನ್ನನ್ನು ತಾನು ತಂಪು ಮಾಡಿಕೊಳ್ಳುವ ಶಕ್ತಿಯನ್ನು ಪೂರ್ತಿ ಕಳೆದುಕೊಂಡಿಲ್ಲ ಎಂದರ್ಥ. ಹೀಗಾಗಿ ಮುಂದೆ ಹೋಗಲು ಬಿಟ್ಟರು. ಕೊನೆಯ 400 ಮೀಟರ್‌ಗೆ ಆಕೆ ತೆಗೆದುಕೊಂಡ ಸಮಯ 5 ನಿಮಿಷ 44 ಸೆಕೆಂಡ್. ಗೆರೆ ದಾಟಿದ ಕೂಡಲೇ ವೈದ್ಯರ ತೋಳಿಗೆ ಕುಸಿದರು. ಗುರಿ ಮುಟ್ಟಿದ 44 ಮಂದಿಯಲ್ಲಿ ಆಕೆಯದು 37ನೇ ಸ್ಥಾನ. ಅಂದು ಬೆಳ್ಳಿ, ಕಂಚು ಗೆದ್ದವರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು? ಆದರೆ 37ನೆಯವರ ವಿಡಿಯೊ ಈಗಲೂ ಹರಿದಾಡುತ್ತದೆ, 'ಸ್ಫೂರ್ತಿ' ಎಂಬ ತಲೆಬರಹದೊಂದಿಗೆ.

ಆ ಘಟನೆಯ ನಂತರ ನಿಯಮ ಬದಲಾಯಿತು. ಓಟದ ನಡುವೆ ವೈದ್ಯರು ಪರೀಕ್ಷಿಸಿದರೂ ಓಟಗಾರರು ಅನರ್ಹರಾಗುವುದಿಲ್ಲ. ನಿಯಮವೇನೋ ಬದಲಾಯಿತು, ಕೈಬೀಸಿ ದೂರ ಸರಿಯುವ ಮನಸ್ಸು ಬದಲಾಯಿತೇ? ಪ್ರತಿ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಕೊನೆಯ ಹಂತದ ಪೆಡ್ಡರ್ ರಸ್ತೆ ಏರಿನ ಬಳಿ ನಿಂತು ನೋಡಿದವರಿಗೆ ಉತ್ತರ ಗೊತ್ತು. ಕುಂಟುತ್ತಲೇ ಓಡುವವರು, ಮಂಡಿಗೆ ಸ್ಪ್ರೇ ಹೊಡೆಸಿಕೊಂಡು ಮತ್ತೆ ಹೊರಡುವವರು, 'ಆರ್ ಯೂ ಓಕೆ' ಎಂದರೆ ಮುಖ ನೋಡದೆ ಹೆಬ್ಬೆರಳು ಎತ್ತುವವರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ವೃತ್ತಿಪರ ಓಟಗಾರರಲ್ಲ. ಸೋಮವಾರ ಬೆಳಗ್ಗೆ ಆಫೀಸಿಗೆ ಲೋಕಲ್ ಹಿಡಿಯಬೇಕಾದವರು.

ಗಾಯ ಕಾಲಿನಲ್ಲಿ, ನೋವು ಮಿದುಳಿನಲ್ಲಿ

ಗಾಯ ಮತ್ತು ನೋವು ಒಂದೇ ಅಲ್ಲ ಎಂಬುದು ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ. ಪೆಟ್ಟಾದ ಜಾಗದಿಂದ ನರಗಳು ಸಂಕೇತ ಕಳುಹಿಸುತ್ತವೆ ಅಷ್ಟೇ. ಅದನ್ನು ನೋವೆಂದು ಅನುಭವಿಸಬೇಕೇ, ಎಷ್ಟು ಅನುಭವಿಸಬೇಕು ಎಂಬುದು ತೀರ್ಮಾನವಾಗುವುದು ಮಿದುಳಿನಲ್ಲಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಮಾತನಾಡಿಸಿದ್ದರು. ನೋವಿನ ಔಷಧ ಬೇಕೇ ಎಂದು ಕೇಳಿದರೆ, ಸುಮಾರು ಮುಕ್ಕಾಲು ಪಾಲು ಸೈನಿಕರು ಬೇಡ ಎಂದಿದ್ದರು. 1946ರಲ್ಲಿ ಅವರು ಪ್ರಕಟಿಸಿದ ಈ ವರದಿ ನೋವಿನ ಬಗೆಗಿನ ಆಲೋಚನೆಯನ್ನೇ ಬದಲಿಸಿತು. ಅದೇ ಪ್ರಮಾಣದ ಗಾಯವಾದರೂ, ಯುದ್ಧಭೂಮಿಯಿಂದ ಜೀವಂತ ಪಾರಾದವನಿಗೆ ಅದರ ಅರ್ಥ ಒಂದು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಸಾಮಾನ್ಯ ರೋಗಿಗೆ ಮತ್ತೊಂದು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ 'ಗೇಟ್ ಕಂಟ್ರೋಲ್' ಸಿದ್ಧಾಂತ ಇದಕ್ಕೆ ಶಾರೀರಿಕ ವಿವರಣೆ ಕೊಟ್ಟಿತು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ಮೇಲಿನಿಂದ ಮಿದುಳು ಅದನ್ನು ಅರ್ಧ ಮುಚ್ಚಬಲ್ಲದು, ಪೂರ್ತಿ ತೆರೆಯಲೂಬಲ್ಲದು.

ದೂರದ ಓಟದಲ್ಲಿ ಈ ಬಾಗಿಲನ್ನು ಮುಚ್ಚುವ ಕೈಗಳು ಹಲವು. ದೀರ್ಘ ವ್ಯಾಯಾಮದಿಂದಲೇ ನೋವಿನ ಅನುಭವ ಕೆಲಹೊತ್ತು ಮಂದವಾಗುತ್ತದೆ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು 10 ಓಟಗಾರರ ಮಿದುಳನ್ನು ವಿಶ್ರಾಂತಿಯಲ್ಲಿದ್ದಾಗ ಒಮ್ಮೆ, ಎರಡು ಗಂಟೆ ಓಡಿದ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿದರು. ಓಟದ ನಂತರ ಮಿದುಳಿನಲ್ಲಿ ದೇಹದ್ದೇ ಆದ ಮಾರ್ಫಿನ್‌ನಂಥ ರಾಸಾಯನಿಕಗಳು ಬಿಡುಗಡೆಯಾಗಿದ್ದವು. ಇದೇ 'ರನ್ನರ್ಸ್ ಹೈ' ಎಂಬ ಖುಷಿಯ ಮೂಲ ಎಂದು ಸಾರಿದ್ದೂ ಆಯಿತು. ಆದರೆ 2021ರಲ್ಲಿ ಪ್ರಕಟವಾದ ಮತ್ತೊಂದು ಜರ್ಮನ್ ಪ್ರಯೋಗದಲ್ಲಿ ಆ ರಾಸಾಯನಿಕಗಳ ಕೆಲಸವನ್ನು ಔಷಧದಿಂದ ತಡೆದರೂ ಓಟಗಾರರ ಖುಷಿ ಕಡಿಮೆಯಾಗಲಿಲ್ಲ. ಈಗ ಗಾಂಜಾದ ಅಂಶವನ್ನು ಹೋಲುವ, ದೇಹವೇ ತಯಾರಿಸುವ ಬೇರೊಂದು ರಾಸಾಯನಿಕದ ಕಡೆ ವಿಜ್ಞಾನಿಗಳ ಗಮನ ಹರಿದಿದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾತ್ರ ಎಲ್ಲದಕ್ಕೂ 'ಎಂಡಾರ್ಫಿನ್' ಎಂಬ ಒಂದೇ ಉತ್ತರ ಇನ್ನೂ ಓಡುತ್ತಿದೆ.

ಯಾವ ರಾಸಾಯನಿಕವೇ ಇರಲಿ, ಓಟಗಾರನ ಪಾಲಿಗೆ ಪರಿಣಾಮ ಒಂದೇ. ಓಡುವಾಗ ಗಾಯದ ಸುದ್ದಿ ತಡವಾಗಿ, ಮೆಲುದನಿಯಲ್ಲಿ ಬರುತ್ತದೆ. 25ನೇ ಕಿಲೋಮೀಟರ್‌ನಲ್ಲಿ ಆದ ಹಾನಿ ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗ ಗೊತ್ತಾಗುವುದು ಇದೇ ಕಾರಣಕ್ಕೆ.

ಮಂಜಿನ ನೀರಿನಲ್ಲಿ ಕೈ

ಹಾಗಾದರೆ ಓಟಗಾರರಿಗೆ ನೋವೇ ಕಡಿಮೆಯೇ? ಇಲ್ಲ. ಜರ್ಮನಿಯ ಸಂಶೋಧಕರು ಕ್ರೀಡಾಪಟುಗಳ ನೋವಿನ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ವಿಶ್ಲೇಷಿಸಿದರು. ಕ್ರೀಡಾಪಟುಗಳ ಸಹಿಸುವ ಶಕ್ತಿ ಇತರರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಆದರೆ ನೋವು ಶುರುವಾಗುವ ಹಂತದಲ್ಲಿ ಅಷ್ಟು ಖಚಿತ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಂಟೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಾರಿಸುತ್ತದೆ. ಓಟಗಾರ ಅದನ್ನು ಕೇಳಿಸಿಕೊಂಡೂ ಸುಮ್ಮನಿರಲು ಕಲಿತಿರುತ್ತಾನೆ.

ಇದಕ್ಕೆ ವಿಪರೀತದ ಉದಾಹರಣೆ ಬೇಕಿದ್ದರೆ 2009ರ ಟ್ರಾನ್ಸ್‌ಯುರೋಪ್ ಓಟವನ್ನು ನೋಡಬಹುದು. ದಕ್ಷಿಣ ಇಟಲಿಯಿಂದ ನಾರ್ವೆಯ ಉತ್ತರ ತುದಿಯವರೆಗೆ 64 ದಿನಗಳಲ್ಲಿ ಸುಮಾರು 4,487 ಕಿ.ಮೀ., ಒಂದು ದಿನವೂ ಬಿಡುವಿಲ್ಲ. ಇದರಲ್ಲಿ ಓಡಿದ ಕೆಲವರನ್ನು ವಿಜ್ಞಾನಿಗಳು ಮಂಜಿನ ನೀರಿನಲ್ಲಿ ಕೈಯಿಟ್ಟು ಎಷ್ಟು ಹೊತ್ತು ತಡೆಯುತ್ತಾರೆಂದು ಪರೀಕ್ಷಿಸಿದರು. ಗರಿಷ್ಠ ಮೂರು ನಿಮಿಷದ ಪರೀಕ್ಷೆ. ಓಟಗಾರರು ಮೂರು ನಿಮಿಷವೂ ಕೈ ಇಟ್ಟುಕೊಂಡಿದ್ದರು. ಸಾಮಾನ್ಯ ಜನ ಸರಾಸರಿ ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಕೈ ಹೊರತೆಗೆದರು.

ಈ ಶಕ್ತಿ ಹುಟ್ಟಿನಿಂದ ಬಂದದ್ದೇ, ಅಭ್ಯಾಸದಿಂದಲೇ ಎಂಬ ಚರ್ಚೆ ಇದೆ. ಅಭ್ಯಾಸದ ಪಾಲಂತೂ ಇದ್ದೇ ಇದೆ. ವಾರಕ್ಕೆ ನಾಲ್ಕು ದಿನ ಉಸಿರುಗಟ್ಟುವಂತೆ ಓಡುವವನು 'ಇದೇನು ಸಾಯುವ ನೋವಲ್ಲ' ಎಂದು ತನ್ನ ಮಿದುಳಿಗೆ ಪಾಠ ಹೇಳುತ್ತಿರುತ್ತಾನೆ. ಇದು ಒಳ್ಳೆಯ ಪಾಠವೇ. ಇದಿಲ್ಲದೆ 42.195 ಕಿ.ಮೀ. ಯಾರಿಂದಲೂ ಸಾಧ್ಯವಿಲ್ಲ. ತೊಡಕೆಂದರೆ ಪಾಠ ಕಲಿತ ಮನಸ್ಸು ದಣಿದ ಸ್ನಾಯುವಿನ ಉರಿಗೂ ಸೀಳುತ್ತಿರುವ ಮೂಳೆಯ ನೋವಿಗೂ ಒಂದೇ ಉತ್ತರ ಕೊಡಲು ಶುರುಮಾಡುತ್ತದೆ.

ಅಚ್ಚರಿ: ಅಗ್ರ ಓಟಗಾರರು ನೋವನ್ನು ಮರೆಯುವುದಿಲ್ಲ

ದೊಡ್ಡ ಓಟಗಾರರು ನೋವನ್ನು ಲೆಕ್ಕಿಸದೆ ಓಡುತ್ತಾರೆ ಎಂಬುದು ಜನಪ್ರಿಯ ನಂಬಿಕೆ. 1970ರ ದಶಕದಲ್ಲಿ ಅಮೆರಿಕದ ಕ್ರೀಡಾ ಮನೋವಿಜ್ಞಾನಿ ವಿಲಿಯಂ ಮಾರ್ಗನ್ ಕೂಡ ಹಾಗೇ ಅಂದುಕೊಂಡಿದ್ದರು. ಸಾಮಾನ್ಯ ಓಟಗಾರರನ್ನು ಮಾತನಾಡಿಸಿದಾಗ ಅವರು ಹೇಳಿದ್ದೂ ಅದನ್ನೇ: ಓಡುವಾಗ ಹಾಡು ನೆನೆಯುತ್ತೇವೆ, ಹಳೆಯ ದಿನಗಳನ್ನು ಮೆಲುಕು ಹಾಕುತ್ತೇವೆ, ಒಟ್ಟಿನಲ್ಲಿ ದೇಹವನ್ನು ಬಿಟ್ಟು ಬೇರೇನನ್ನಾದರೂ ಯೋಚಿಸುತ್ತೇವೆ.

ಆದರೆ ಮಾರ್ಗನ್ ಮತ್ತು ಮೈಕಲ್ ಪೊಲಾಕ್ 1977ರಲ್ಲಿ ಅಮೆರಿಕದ ಅಗ್ರ ಓಟಗಾರರ ಅಧ್ಯಯನ ಪ್ರಕಟಿಸಿದಾಗ ಚಿತ್ರ ಉಲ್ಟಾ ಆಗಿತ್ತು. ಅವರು ಓಟದುದ್ದಕ್ಕೂ ಗಮನಿಸುತ್ತಿದ್ದುದು ತಮ್ಮ ದೇಹವನ್ನೇ. ಉಸಿರು ಹೇಗಿದೆ, ಮೀನಖಂಡ ಬಿಗಿಯುತ್ತಿದೆಯೇ, ಪಾದ ಹೇಗೆ ಬೀಳುತ್ತಿದೆ, ಭುಜ ಸಡಿಲವಾಗಿದೆಯೇ? ಆ ಮಾಹಿತಿಯ ಮೇಲೆಯೇ ವೇಗ ಹೆಚ್ಚಿಸುವುದು, ತಗ್ಗಿಸುವುದು. ನೋವು ಅವರಿಗೆ ಶತ್ರುವಾಗಿರಲಿಲ್ಲ, ಕಾರಿನ ಡ್ಯಾಶ್‌ಬೋರ್ಡ್‌ನ ಮುಳ್ಳಾಗಿತ್ತು. ನಂತರದ ಸಂಶೋಧನೆಗಳು ಈ ವಿಭಜನೆ ಇಷ್ಟು ಸರಳವಲ್ಲ, ಒಬ್ಬನೇ ಓಟಗಾರ ಎರಡನ್ನೂ ಬಳಸುತ್ತಾನೆ ಎಂದು ತಿದ್ದುಪಡಿ ಮಾಡಿವೆ. ಆದರೂ ಮೂಲ ಮಾತು ಉಳಿದಿದೆ.

ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ಜೋನ್ ಬೆನೊಯ್ಟ್ ಕಥೆಯನ್ನೇ ನೋಡಿ. ಮಂಡಿ ಶಸ್ತ್ರಚಿಕಿತ್ಸೆಯಾದ 17ನೇ ದಿನಕ್ಕೆ ಅಮೆರಿಕದ ಆಯ್ಕೆ ಮ್ಯಾರಥಾನ್ ಓಡಿ ಗೆದ್ದವರು ಎಂದು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಮಂಡಿ ಕೈಕೊಟ್ಟಾಗ ಆಕೆ ಓಟ ನಿಲ್ಲಿಸಿದ್ದರು, ವೈದ್ಯರಲ್ಲಿಗೆ ಹೋಗಿದ್ದರು, ಕೊನೆಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಕಥೆಯ ಈ ಅರ್ಧ ಭಾಗ ಪೋಸ್ಟರ್‌ಗಳಲ್ಲಿ ಇರುವುದಿಲ್ಲ.

ನಾಲ್ಕು ಗಂಟೆಯ ಮೋಹ

ದೇಹ ನಿಲ್ಲು ಎಂದರೂ ಮನಸ್ಸು ಒಪ್ಪದಿರಲು ರಾಸಾಯನಿಕಗಳಷ್ಟೇ ಕಾರಣವಲ್ಲ. ಗುರಿಗಳೂ ಕಾರಣ. ಅಮೆರಿಕದ ಅರ್ಥಶಾಸ್ತ್ರಜ್ಞರು ಸುಮಾರು 98 ಲಕ್ಷ ಮ್ಯಾರಥಾನ್ ಫಲಿತಾಂಶಗಳನ್ನು ಜೋಡಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಹಜವಾಗಿದ್ದರೆ ಓಟ ಮುಗಿಸುವ ಸಮಯಗಳು ನುಣುಪಾದ ಗುಡ್ಡದಂತೆ ಹರಡಿರಬೇಕಿತ್ತು. ಹಾಗಿರಲಿಲ್ಲ. ಮೂರು ಗಂಟೆ, ಮೂರೂವರೆ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಜನ ಗುಂಪುಗುಂಪಾಗಿ ಗೆರೆ ದಾಟಿದ್ದರು. ಅದರ ನಂತರದ ನಿಮಿಷಗಳಲ್ಲಿ ದಿಢೀರ್ ಇಳಿಕೆ. 3 ಗಂಟೆ 59 ನಿಮಿಷಕ್ಕೂ 4 ಗಂಟೆ 1 ನಿಮಿಷಕ್ಕೂ ದೇಹದ ದೃಷ್ಟಿಯಿಂದ ಏನೂ ವ್ಯತ್ಯಾಸವಿಲ್ಲ. ಮನಸ್ಸಿಗೆ ಮಾತ್ರ ಒಂದು ಗೆಲುವು, ಮತ್ತೊಂದು ಸೋಲು. ಆ ಎರಡು ನಿಮಿಷಕ್ಕಾಗಿ, ಎಲ್ಲರೂ ಸುಸ್ತಾಗುವ ಕೊನೆಯ ಎರಡು ಕಿಲೋಮೀಟರ್‌ನಲ್ಲಿ, ವೇಗ ಹೆಚ್ಚಿಸುವವರು ಇದ್ದಾರೆ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಓಟವೆಂದರೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್. 1921ರಲ್ಲಿ ಶುರುವಾದ, ಡರ್ಬನ್ ಮತ್ತು ಪೀಟರ್‌ಮಾರಿಟ್ಜ್‌ಬರ್ಗ್ ನಡುವಿನ ಸುಮಾರು 90 ಕಿ.ಮೀ. ಓಟ. ಭಾರತದಿಂದಲೂ ಪ್ರತಿವರ್ಷ ನೂರಾರು ಮಂದಿ ಹೋಗುತ್ತಾರೆ. 12 ಗಂಟೆ ಆದ ಕ್ಷಣದಲ್ಲಿ ಬಂದೂಕು ಸಿಡಿಸಿ ಓಟ ಮುಚ್ಚುತ್ತಾರೆ. ಬಂದೂಕು ಹಿಡಿದ ವ್ಯಕ್ತಿ ಬರುತ್ತಿರುವ ಓಟಗಾರರಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ಒಂದು ಸೆಕೆಂಡ್ ತಡವಾದವರಿಗೂ ಪದಕವಿಲ್ಲ. ಹತ್ತು ಬಾರಿ ಮುಗಿಸಿದವರಿಗೆ ಆ ಸಂಖ್ಯೆ ಶಾಶ್ವತವಾಗಿ ಅವರದೇ, ಅದಕ್ಕೆ 'ಗ್ರೀನ್ ನಂಬರ್' ಎಂದು ಹೆಸರು. ಎಂಟು, ಒಂಬತ್ತು ಬಾರಿ ಓಡಿ ಮುಗಿಸಿದವರು ಹತ್ತನೆಯದರ ವರ್ಷ ಮಂಡಿನೋವಿಗೆ ಕಿವಿಗೊಡುತ್ತಾರೆಯೇ?

ಹಣದ ಲೆಕ್ಕವೂ ಸೇರುತ್ತದೆ. ಆರು ತಿಂಗಳು ಬೆಳಗಿನ ಜಾವ ನಾಲ್ಕೂವರೆಗೆ ಎದ್ದದ್ದು, ಪ್ರವೇಶ ಶುಲ್ಕ, ರೈಲೋ ವಿಮಾನವೋ ಟಿಕೆಟ್, ಹೋಟೆಲ್ ರೂಮು, ಆಫೀಸಿನಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಇಷ್ಟೆಲ್ಲ ಆದ ಮೇಲೆ 'ಇವತ್ತು ಬೇಡ' ಎನ್ನುವುದಕ್ಕೆ ಬೇಕಾದ ಧೈರ್ಯ ಓಡುವ ಧೈರ್ಯಕ್ಕಿಂತ ದೊಡ್ಡದು. ಹಾಕಿದ ಬಂಡವಾಳ ವಾಪಸ್ ಬರುವುದಿಲ್ಲ ಎಂದು ಗೊತ್ತಿದ್ದೂ ಇನ್ನಷ್ಟು ಸುರಿಯುವ ಮನೋಭಾವ ಷೇರುಪೇಟೆಯಲ್ಲಿ ಇರುವಂತೆ ರಸ್ತೆಯಲ್ಲೂ ಇದೆ.

ಛಲ ಎಂಬ ಹೊಗಳಿಕೆ

1991ರಲ್ಲಿ ರಾಬರ್ಟ್ ಹ್ಯೂಸ್ ಮತ್ತು ಜೇ ಕೋಕ್ಲಿ ಎಂಬ ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರವನ್ನು ಗುರುತಿಸಿದರು. ಕ್ರೀಡಾಪಟುಗಳು ತಮಗೆ ತಾವೇ ಹಾನಿ ಮಾಡಿಕೊಳ್ಳುವುದು ನಿಯಮ ಮುರಿದಾಗ ಮಾತ್ರವಲ್ಲ, ನಿಯಮವನ್ನು ಅತಿಯಾಗಿ ಪಾಲಿಸಿದಾಗಲೂ ಹೌದು. ಆಟಕ್ಕಾಗಿ ತ್ಯಾಗ ಮಾಡಬೇಕು, ಶ್ರೇಷ್ಠತೆಗೆ ಹಂಬಲಿಸಬೇಕು, ಅಪಾಯ ಎದುರಿಸಿ ನೋವಿನಲ್ಲೂ ಆಡಬೇಕು, ಮಿತಿಗಳನ್ನು ಒಪ್ಪಬಾರದು. ಈ ನಾಲ್ಕೂ ಕೇಳಲು ಸದ್ಗುಣಗಳೇ. ಕೋಚ್, ಸಹಪಾಠಿ, ಪತ್ರಿಕೆ ಎಲ್ಲರೂ ಹೊಗಳುವುದೂ ಇವನ್ನೇ. ಹೀಗಾಗಿ ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರೂ ಉಳಿಯುವುದಿಲ್ಲ.

ಕನ್ನಡದಲ್ಲೂ 'ಛಲ ಬಿಡದ ತ್ರಿವಿಕ್ರಮ' ಎಂದರೆ ಮೆಚ್ಚುಗೆಯ ಮಾತು. ಸೋತರೂ ಮತ್ತೆ ಮರ ಹತ್ತಿ ಬೇತಾಳನನ್ನು ಹೆಗಲೇರಿಸಿಕೊಳ್ಳುವವನು ಅವನು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬಿದ್ದು ಮಂಡಿಗೆ ಪೆಟ್ಟಾಗಿ, ಬ್ಯಾಂಡೇಜ್ ಸುತ್ತಿಕೊಂಡು, ವಿಜೇತರು ಬಂದ ಒಂದು ಗಂಟೆಗೂ ಹೆಚ್ಚು ಹೊತ್ತಿನ ನಂತರ ಕತ್ತಲಲ್ಲಿ ಓಟ ಮುಗಿಸಿದ ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಜಗತ್ತಿಗೇ ಅಂಥ ತ್ರಿವಿಕ್ರಮ. ಈ ಕಥೆಗಳಿಗೆ ಕಣ್ಣು ಒದ್ದೆಯಾಗುವುದು ಸಹಜ. ಆದರೆ ಮುಗಿಸಿ ನಗುತ್ತ ನಿಂತವರ ಕಥೆ ಮಾತ್ರ ಉಳಿಯುತ್ತದೆ. ಛಲದಿಂದಲೇ ಓಟ ಕಳೆದುಕೊಂಡವರ ಕಥೆ ಹೇಳುವವರು ಕಡಿಮೆ. ಅಂಥದ್ದೊಂದು ಕಥೆ ಟೋಕಿಯೊದ್ದು.

ಒಂದು ಓಟ, ಇಬ್ಬರು ಗಾಯಾಳುಗಳು

1964ರ ಅಕ್ಟೋಬರ್ 21ರ ಟೋಕಿಯೊ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವರು ಇಥಿಯೋಪಿಯಾದ ಅಬೆಬೆ ಬಿಕಿಲಾ. ಅಪೆಂಡಿಕ್ಸ್ ಆಪರೇಷನ್ ಆಗಿ ಐದಾರು ವಾರವಷ್ಟೇ ಆಗಿತ್ತು. 2 ಗಂಟೆ 12 ನಿಮಿಷದ ವಿಶ್ವದಾಖಲೆಯಲ್ಲಿ ಗೆದ್ದು, ಹುಲ್ಲಿನ ಮೇಲೆ ಮಲಗಿ ವ್ಯಾಯಾಮ ಮಾಡಿ ತೋರಿಸಿದರು. ಎಲ್ಲರಿಗೂ ನೆನಪಿರುವುದು ಇದು.

ಬಿಕಿಲಾ ನಂತರ ಎರಡನೆಯವರಾಗಿ ಕ್ರೀಡಾಂಗಣ ಪ್ರವೇಶಿಸಿದವರು ಆತಿಥೇಯ ಜಪಾನಿನ ಕೊಕಿಚಿ ತ್ಸುಬುರಾಯ. ತವರಿನ ಸಾವಿರಾರು ಕಣ್ಣುಗಳ ಎದುರೇ, ಕೊನೆಯ ಸುತ್ತಿನಲ್ಲಿ, ಬ್ರಿಟನ್ನಿನ ಬೇಸಿಲ್ ಹೀಟ್ಲಿ ತ್ಸುಬುರಾಯರನ್ನು ಹಿಂದಿಕ್ಕಿದರು. ತ್ಸುಬುರಾಯಗೆ ಕಂಚು. ದೇಶ ಸಂಭ್ರಮಿಸಿತು. ಆದರೆ ಸೇನೆಯಲ್ಲಿದ್ದ ಈ ಯುವಕ ಅದನ್ನು ಗೆಲುವೆಂದು ಭಾವಿಸಲೇ ಇಲ್ಲ. ಮೆಕ್ಸಿಕೊದಲ್ಲಿ ತೀರಿಸಿಕೊಡುವ ಸಾಲ ಎಂದುಕೊಂಡರು.

ಆಮೇಲಿನ ವರ್ಷಗಳು ಬೆನ್ನುನೋವು, ಗಾಯ, ಆಸ್ಪತ್ರೆಯಲ್ಲೇ ಕಳೆದವು. ಅಭ್ಯಾಸ ಬಿಡುವಂತಿಲ್ಲ, ಮಾಡಿದರೆ ದೇಹ ಕೇಳುವುದಿಲ್ಲ. 1968ರ ಜನವರಿ 9ರಂದು, ಮೆಕ್ಸಿಕೊ ಒಲಿಂಪಿಕ್ಸ್‌ಗೆ ಒಂಬತ್ತು ತಿಂಗಳಿರುವಾಗ, 27 ವರ್ಷದ ತ್ಸುಬುರಾಯ ತಮ್ಮ ಜೀವ ಕೊನೆಗಾಣಿಸಿಕೊಂಡರು. ಬಿಟ್ಟುಹೋದ ಪತ್ರದಲ್ಲಿ ಮನೆಯವರು ಹೊಸವರ್ಷಕ್ಕೆ ಉಣಬಡಿಸಿದ ಒಂದೊಂದು ತಿನಿಸನ್ನೂ ನೆನೆದು ಕೃತಜ್ಞತೆ ಹೇಳಿದ್ದರು. ತುಂಬಾ ದಣಿದಿದ್ದೇನೆ, ಇನ್ನು ಓಡಲಾರೆ ಎಂದೂ ಬರೆದಿದ್ದರು.

ಯಾರದೇ ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ. ಆದರೆ ಮನೋವಿಜ್ಞಾನ 'ಅಥ್ಲೆಟಿಕ್ ಐಡೆಂಟಿಟಿ' ಎಂದು ಕರೆಯುವ ಸಂಗತಿ ಇಲ್ಲಿ ಎದ್ದು ಕಾಣುತ್ತದೆ. 'ನಾನು ಓಡುತ್ತೇನೆ' ಎಂಬುದು ನಿಧಾನವಾಗಿ 'ನಾನು ಓಟಗಾರ' ಆಗುತ್ತದೆ, ಕೊನೆಗೆ 'ಓಟವಿಲ್ಲದೆ ನಾನಿಲ್ಲ' ಎಂಬಲ್ಲಿಗೆ ಮುಟ್ಟುತ್ತದೆ. ಆಗ ಗಾಯ ಒಪ್ಪಿಕೊಳ್ಳುವುದೆಂದರೆ ಕಾಲಿನ ಸಮಸ್ಯೆ ಒಪ್ಪಿಕೊಳ್ಳುವುದಲ್ಲ, ತನ್ನನ್ನೇ ಕಳೆದುಕೊಳ್ಳುವುದು. ಗಾಯಗೊಂಡ ಓಟಗಾರರಲ್ಲಿ ಖಿನ್ನತೆ, ಸಿಡುಕು, ನಿದ್ದೆಗೆಡುವುದು ಕಾಣಿಸಿಕೊಳ್ಳುವುದು ಹೊಸದೇನಲ್ಲ. ಮನೆಯವರು 'ಅಯ್ಯೋ, ಓಡದಿದ್ದರೆ ಏನಾಯಿತು' ಎಂದರೆ ಅದು ಸಮಾಧಾನವಾಗುವುದೂ ಇಲ್ಲ. ಇಂಥ ಹೊತ್ತಿನಲ್ಲಿ ಮನಸ್ಸು ಭಾರವಾದವರಿಗೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ.

ಓಟವನ್ನು ಬಿಡಲಾರದ ಸ್ಥಿತಿಗೆ ಮಾರ್ಗನ್ 1979ರಲ್ಲೇ ಒಂದು ಹೆಸರು ಕೊಟ್ಟಿದ್ದರು, 'ನೆಗೆಟಿವ್ ಅಡಿಕ್ಷನ್'. ಮೂರು ವರ್ಷ ಮೊದಲು ಮನೋವೈದ್ಯ ವಿಲಿಯಂ ಗ್ಲಾಸರ್ ಓಟವನ್ನು ಒಳ್ಳೆಯ ಚಟ ಎಂದು ಪುಸ್ತಕ ಬರೆದು ಹೊಗಳಿದ್ದಕ್ಕೆ ಇದು ಉತ್ತರದಂತಿತ್ತು. ವೈದ್ಯರು ಬೇಡವೆಂದರೂ ಓಡುವುದು, ಒಂದು ದಿನ ತಪ್ಪಿದರೆ ಚಡಪಡಿಸುವುದು, ಕೆಲಸ, ಸಂಸಾರ ಎರಡಕ್ಕಿಂತ ಓಟ ಮುಂದಾಗುವುದು ಇದರ ಗುರುತು.

ಮಾತ್ರೆ ನುಂಗಿ ಗೆರೆಗೆ ಬಂದವರು

ಮನಸ್ಸು ಮುಚ್ಚಲಾಗದ ನೋವನ್ನು ಮಾತ್ರೆ ಮುಚ್ಚುತ್ತದೆ. 2010ರ ಬಾನ್ ಮ್ಯಾರಥಾನ್‌ನಲ್ಲಿ ಸುಮಾರು 4 ಸಾವಿರ ಓಟಗಾರರನ್ನು ಪ್ರಶ್ನಿಸಿದಾಗ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಓಟಕ್ಕೆ ಮೊದಲೇ ನೋವುನಿವಾರಕ ತೆಗೆದುಕೊಂಡಿದ್ದರು. ನೋವು ಬರುವ ಮೊದಲೇ! ಹೊಟ್ಟೆ ಹಿಡಿದುಕೊಳ್ಳುವುದು, ಮೂತ್ರದಲ್ಲಿ ರಕ್ತದಂಥ ತೊಂದರೆಗಳು ಮಾತ್ರೆ ತೆಗೆದುಕೊಳ್ಳದವರಿಗಿಂತ ಇವರಲ್ಲಿ ಸುಮಾರು ಐದು ಪಟ್ಟು ಹೆಚ್ಚು ಕಂಡವು. ಒಂಬತ್ತು ಮಂದಿ ಆಸ್ಪತ್ರೆ ಸೇರಿದರು. ಮೂವರಿಗೆ ಐಬುಪ್ರೊಫೇನ್ ಬಳಿಕ ತಾತ್ಕಾಲಿಕ ಕಿಡ್ನಿ ವೈಫಲ್ಯ. ಆಸ್ಪಿರಿನ್ ನುಂಗಿದ್ದ ನಾಲ್ವರಿಗೆ ಒಳಗೆ ರಕ್ತಸ್ರಾವ, ಇಬ್ಬರಿಗೆ ಹೃದಯಾಘಾತ. ಮಾತ್ರೆ ತೆಗೆದುಕೊಳ್ಳದ ಗುಂಪಿನಲ್ಲಿ ಆಸ್ಪತ್ರೆ ಸೇರಿದವರು ಯಾರೂ ಇರಲಿಲ್ಲ. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಪ್ರತಿ ಓಟದ ಬಿಬ್ ಜತೆಗೆ ಹಂಚಬೇಕಾದದ್ದು.

ಕಾರಣ ಸರಳ. ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳತ್ತ ಹರಿಯುತ್ತದೆ, ಬೆವರಿನಿಂದ ನೀರೂ ಹೋಗಿರುತ್ತದೆ. ಕಿಡ್ನಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುವ ರಾಸಾಯನಿಕವನ್ನೇ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ತಡೆಯುತ್ತವೆ. ಮುಂಬೈ, ಚೆನ್ನೈಗಳ ಸೆಕೆಯಲ್ಲಿ ಓಡುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ವಿಶ್ವದಾಖಲೆಯ ಒಡತಿಯೂ ಇದಕ್ಕೆ ಹೊರತಾಗಿರಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮೊದಲು ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಕಾಲಿನ ಗಾಯಕ್ಕೆ ಉರಿಯೂತ ತಗ್ಗಿಸುವ ಔಷಧ ತೆಗೆದುಕೊಂಡಿದ್ದರು. ಅದು ಹೊಟ್ಟೆ ಕೆಡಿಸಿತು, ತಿಂದದ್ದು ಮೈಗೆ ಹತ್ತಲಿಲ್ಲ. 36 ಕಿ.ಮೀ. ಬಳಿ ರಸ್ತೆಬದಿಯಲ್ಲಿ ಅಳುತ್ತ ನಿಂತರು. ಬ್ರಿಟಿಷ್ ಪತ್ರಿಕೆಗಳು ಅಂದು ಆಕೆಯನ್ನು ಸುಮ್ಮನೆ ಬಿಡಲಿಲ್ಲ. 11 ವಾರಗಳ ನಂತರ ಆಕೆ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು.

ಯಾವುದನ್ನು ನುಂಗಬಹುದು, ಯಾವುದನ್ನು ನುಂಗಬಾರದು?

ದೂರದ ಓಟಗಾರರಲ್ಲಿ ಎಷ್ಟು ಮಂದಿಗೆ ಗಾಯವಾಗುತ್ತದೆ? 2007ರ ಒಂದು ಸಮಗ್ರ ವಿಮರ್ಶೆಯ ಪ್ರಕಾರ ಸೊಂಟದ ಕೆಳಗಿನ ಗಾಯಗಳ ಪ್ರಮಾಣ ಶೇ 19.4ರಿಂದ ಶೇ 79.3. ಇಷ್ಟು ದೊಡ್ಡ ಅಂತರಕ್ಕೆ ಮುಖ್ಯ ಕಾರಣ, ಯಾವುದನ್ನು ಗಾಯ ಎನ್ನಬೇಕೆಂಬುದೇ ಒಬ್ಬೊಬ್ಬರಿಗೆ ಒಂದೊಂದು. ಓಟಗಾರರನ್ನು ಕೇಳಿದರೆ ಕಾಲು ಪೂರ್ತಿ ನಿಲ್ಲುವವರೆಗೆ ಅದು 'ಸ್ವಲ್ಪ ಹಿಡಿದುಕೊಂಡಿದೆ' ಅಷ್ಟೇ.

ಎಲ್ಲ ನೋವಿಗೂ ನಿಲ್ಲಬೇಕಿಲ್ಲ ಎಂಬುದು ಮಾತ್ರ ನಿಜ. ಉದ್ದ ಓಟದ ಮರುದಿನ, ಅದರ ಮರುದಿನ ಎರಡೂ ತೊಡೆಗಳು ಸಮನಾಗಿ ನೋಯುವುದು ಸಹಜ, ಎರಡು-ಮೂರು ದಿನದಲ್ಲಿ ಹೋಗುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ನೋಯುತ್ತಿದ್ದರೂ ಓಟ ಪೂರ್ತಿ ನಿಲ್ಲಿಸಬೇಕಿಲ್ಲ ಎಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ತೋರಿಸಿದರು. ಅವರ ಅಳತೆಗೋಲು ಹೀಗಿತ್ತು: ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ ನೋವು ಐದನ್ನು ಮೀರಬಾರದು, ಮರುದಿನ ಬೆಳಗ್ಗೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಹೆಚ್ಚಬಾರದು. ಚಿಕಿತ್ಸೆಯ ವ್ಯಾಯಾಮದ ಜತೆಗೆ ಈ ಮಿತಿಯೊಳಗೆ ಓಡಿದವರು ಓಟ ಬಿಟ್ಟವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಗಮನಿಸಿ, ಇಲ್ಲಿ ನೋವನ್ನು ಅಲಕ್ಷಿಸುತ್ತಿಲ್ಲ, ದಿನವೂ ಅಳೆಯುತ್ತಿದ್ದಾರೆ.

ಆದರೆ ಇದೇ ಸ್ನಾಯುರಜ್ಜಿನ ನೋವು ಒಂದು ಮೋಸವನ್ನೂ ಮಾಡುತ್ತದೆ. ಮೊದಲ ಎರಡು ಕಿಲೋಮೀಟರ್ ನೋಯುತ್ತದೆ, ಮೈ ಬಿಸಿಯಾದಂತೆ ಮಾಯವಾಗುತ್ತದೆ. 'ಓಡಿದರೆ ವಾಸಿಯಾಗುತ್ತದೆ' ಎಂಬ ಪಾಠವನ್ನು ಮನಸ್ಸು ಕಲಿಯುವುದು ಇಲ್ಲೇ. ಆ ಪಾಠವನ್ನು ಮೂಳೆಯ ಮೇಲೆ ಪ್ರಯೋಗಿಸಿದರೆ ಕಷ್ಟ. ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಕೂದಲೆಳೆಯ ಬಿರುಕಿನ ನೋವು ಓಡಿದಷ್ಟೂ ಹೆಚ್ಚುತ್ತದೆ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿರುತ್ತದೆ, ಒಂದೇ ಕಾಲಿನಲ್ಲಿರುತ್ತದೆ. ಆ ಕಾಲಲ್ಲಿ ಕುಂಟುವಂತೆ ಮಾಡುತ್ತದೆ, ಮುಂದುವರಿದರೆ ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ. ಕುಂಟುತ್ತ ಓಡಿದರೆ ಭಾರ ಮತ್ತೊಂದು ಕಾಲಿಗೆ ವರ್ಗಾವಣೆಯಾಗಿ ಅಲ್ಲೊಂದು ಗಾಯ ಶುರುವಾಗುತ್ತದೆ.

ಮಹಿಳಾ ಓಟಗಾರರು ಗಮನಿಸಬೇಕಾದ ಇನ್ನೊಂದು ಸೂಚನೆಯಿದೆ. ಓಟ ಹೆಚ್ಚಿ, ಊಟ ಸಾಲದೆ ಹೋದಾಗ ಮುಟ್ಟು ಏರುಪೇರಾಗುತ್ತದೆ ಅಥವಾ ನಿಲ್ಲುತ್ತದೆ. ಕೆಲವರು ಇದನ್ನು ಗಟ್ಟಿ ತಾಲೀಮಿನ ಗುರುತೆಂದು, ಒಂದು ರಗಳೆ ತಪ್ಪಿತೆಂದು ಭಾವಿಸುವುದುಂಟು. ಅದು ಮೂಳೆ ಸವೆಯುತ್ತಿದೆ ಎಂಬ ಎಚ್ಚರಿಕೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಶಕ್ತಿ ಕೊರತೆಯ ಕುರಿತು ಪ್ರತ್ಯೇಕ ವರದಿ ಕೊಟ್ಟಿದೆ, ಪುರುಷರಿಗೂ ಇದು ತಪ್ಪಿದ್ದಲ್ಲ ಎಂದೂ ಹೇಳಿದೆ.

2024ರ ಆಗಸ್ಟ್ 10ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಬಾರಿಯ ಚಾಂಪಿಯನ್, ನಗುತ್ತಲೇ ನೋವು ನಿಭಾಯಿಸುವುದಕ್ಕೆ ಹೆಸರಾದ ಕೀನ್ಯಾದ ಎಲಿಯುಡ್ ಕಿಪ್ಚೊಗೆ ಬೆನ್ನು ಹಿಡಿದುಕೊಂಡು 30 ಕಿ.ಮೀ. ದಾಟಿದ ಬಳಿಕ ಓಟ ನಿಲ್ಲಿಸಿದರು. ಅವರು ಮುಗಿಸದೇ ಬಿಟ್ಟ ಮೊದಲ ಮ್ಯಾರಥಾನ್ ಅದು. ರಸ್ತೆಬದಿಯ ಜನರ ಜತೆ ಸ್ವಲ್ಪ ದೂರ ನಡೆದರು, ಧರಿಸಿದ್ದ ಶೂಗಳನ್ನು ಅಭಿಮಾನಿಗಳಿಗೆ ಕೊಟ್ಟು ವಾಹನ ಹತ್ತಿದರು.

ಒಂದೇ ಜಾಗದ ಮೂಳೆನೋವು ವಾರ ಕಳೆದರೂ ಹೋಗದಿದ್ದರೆ ಕ್ರೀಡಾ ವೈದ್ಯರು ಅಥವಾ ಮೂಳೆ ತಜ್ಞರನ್ನು ಕಾಣಬೇಕು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರೂ ಸುಮ್ಮನಾಗುವಂತಿಲ್ಲ, ಆರಂಭದ ಸ್ಟ್ರೆಸ್ ಫ್ರ್ಯಾಕ್ಚರ್ ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು, ಎಂಆರ್‌ಐ ಬೇಕಾಗಬಹುದು. ಮೊಣಕಾಲ ಕೆಳಗಿನ ಮೂಳೆಯ ಸಾಮಾನ್ಯ ಬಿರುಕು ಬೇಗ ಗೊತ್ತಾದರೆ ಆರರಿಂದ ಎಂಟು ವಾರ ಓಟ ಬಿಟ್ಟರೆ ಕೂಡಿಕೊಳ್ಳುತ್ತದೆ. ತೊಡೆಸಂದಿನಲ್ಲಿ ಆಳದ ನೋವಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು. ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದ್ದು, ಅದರ ಮೇಲೇ ಓಡಿ ಮುರಿದುಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.